ವಿಜ್ಞಾನದ ಕಿಟಕಿ: ಮಿದುಳಿನ ಸ್ವಂತ ಅಡುಗೆಮನೆ

ಮಕ್ಕಳೇ, 'ಕೊಲೆಸ್ಟರಾಲ್' ಎಂಬ ಪದವನ್ನು ದೊಡ್ಡವರ ಬಾಯಲ್ಲಿ ಕೇಳಿರುತ್ತೀರಿ. ತುಪ್ಪ ಬಡಿಸುವಾಗಲಂತೂ ಅದು ಬೈಗುಳದ ಹಾಗೆಯೇ ಬರುತ್ತದೆ! ಆದರೆ ನಮ್ಮ ತೂಕದಲ್ಲಿ ಸುಮಾರು ಶೇ. 2ರಷ್ಟೇ ಇರುವ ಮಿದುಳಿನಲ್ಲಿ, ದೇಹದ ಒಟ್ಟು ಕೊಲೆಸ್ಟರಾಲಿನ ಸುಮಾರು ಶೇ. 20ರಷ್ಟು ಇದೆ. ಬಹುಪಾಲು ಇರುವುದು ನರತಂತುಗಳನ್ನು ಸುತ್ತಿರುವ 'ಮಯಲಿನ್' ಹೊದಿಕೆಯಲ್ಲಿ. ಈ ಹೊದಿಕೆ ಇದ್ದರೆ ಸಂದೇಶಗಳು ಬಹಳ ಬೇಗ ಓಡುತ್ತವೆ.

ಹಾಗಾದರೆ ತಿಂದ ತುಪ್ಪ, ಮೊಟ್ಟೆಯ ಕೊಲೆಸ್ಟರಾಲ್ ಮಿದುಳಿಗೆ ಹೋಗುತ್ತದೆಯೇ? ಇಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಬಿಗಿಯಾದ ಕಾವಲಿದೆ. ಅದು ಗ್ಲೂಕೋಸನ್ನು ಒಳಗೆ ಬಿಡುತ್ತದೆ, ಕೊಲೆಸ್ಟರಾಲನ್ನು ಬಿಡುವುದಿಲ್ಲ. ಹೀಗಾಗಿ ಮಿದುಳು ತನಗೆ ಬೇಕಾದುದನ್ನು ತಾನೇ ಬೇಯಿಸಿಕೊಳ್ಳಬೇಕು. ಮಯಲಿನ್ ಕಟ್ಟುವ ಎಳೆ ವಯಸ್ಸಿನಲ್ಲಿ ಈ ಅಡುಗೆ ಭರದಿಂದ ಸಾಗುತ್ತದೆ. ದೊಡ್ಡವರಾದಂತೆ ಒಲೆಯ ಉರಿ ಸಣ್ಣದಾಗುತ್ತದೆ.

ಈ ಅಡುಗೆಗೆ ಇಪ್ಪತ್ತಕ್ಕೂ ಹೆಚ್ಚು ಹಂತಗಳು. ಒಂದೊಂದು ಹಂತವನ್ನೂ ನಡೆಸುವ ಪ್ರೋಟೀನಿಗೆ 'ಕಿಣ್ವ' ಎನ್ನುತ್ತಾರೆ. ಕೊನೆಯ ಹಂತದ ಕಿಣ್ವದ ಹೆಸರು ಡಿಎಚ್‌ಸಿಆರ್7. ಇದು ಜೀವಕೋಶದೊಳಗಿನ ಪೊರೆಗಳ ಜಾಲದಲ್ಲಿ ಕುಳಿತು, ಬಹುತೇಕ ಸಿದ್ಧವಾದ ಅಣುವಿನ ಒಂದು ಜೋಡಿಬಂಧವನ್ನು ತೆಗೆದುಹಾಕುತ್ತದೆ. ಅಷ್ಟಾದರೆ ಕೊಲೆಸ್ಟರಾಲ್ ಸಿದ್ಧ!

ಇಷ್ಟು ಸಣ್ಣ ಕೆಲಸ ಕೆಟ್ಟರೆ ಏನಾಗುತ್ತದೆ? ಕೆಲವು ಮಕ್ಕಳು ಹುಟ್ಟುವಾಗಲೇ ಈ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. 1964ರಲ್ಲಿ ಮೂವರು ವೈದ್ಯರು ಈ ಕಾಯಿಲೆಯನ್ನು ವಿವರಿಸಿದರು. ಅವರ ಹೆಸರಿನಿಂದಲೇ ಇದು ಸ್ಮಿತ್-ಲೆಮ್ಲಿ-ಓಪಿಟ್ಸ್ ಸಿಂಡ್ರೋಮ್. ಕಾರಣವಾದ ಜೀನ್ ತಿಳಿದದ್ದು 1998ರಲ್ಲಿ. ಇಂಥ ಮಕ್ಕಳಿಗೆ ಮೊಟ್ಟೆಯ ಹಳದಿ ಅಥವಾ ಕೊಲೆಸ್ಟರಾಲ್ ಪುಡಿ ಕೊಡುತ್ತಾರೆ. ಹಲವರ ದೇಹದ ಬೆಳವಣಿಗೆ ಸುಧಾರಿಸುತ್ತದೆ. ಆದರೆ ಕಲಿಕೆ, ಮಾತಿನ ತೊಂದರೆ ಹಾಗೆಯೇ ಉಳಿಯಬಹುದು. ಕಾವಲು ದಾಟಿ ಆ ಕೊಲೆಸ್ಟರಾಲ್ ಮಿದುಳನ್ನು ತಲುಪುವುದಿಲ್ಲವಲ್ಲ!

ಪಾಲಕರಿಗೆ ಒಂದು ಮಾತು. ಈ ಕಾಯಿಲೆ ಬರುವುದು ತಾಯಿ, ತಂದೆ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ. ಅವರಿಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಬಸುರಿನಲ್ಲಿ ತಾಯಿ ಏನು ತಿಂದಳು, ಏನು ಬಿಟ್ಟಳು ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ಕಲಿಯಲು ಹೆಚ್ಚು ಸಮಯ ಬೇಕಾದ ಮಗುವನ್ನು ಕಂಡಾಗ ಇದು ನೆನಪಿರಲಿ.

ಮಕ್ಕಳೇ, ಈ ತಿಂಗಳ ಪ್ರಶ್ನೆ: ಡಿಎಚ್‌ಸಿಆರ್7 ಬಳಸುವ ಕಚ್ಚಾ ಅಣು ನಮ್ಮ ಚರ್ಮದಲ್ಲೂ ಇದೆ. ಅದರ ಮೇಲೆ ಬಿಸಿಲು ಬಿದ್ದರೆ ಯಾವ ವಿಟಮಿನ್ ತಯಾರಾಗುತ್ತದೆ? ಉತ್ತರವನ್ನು ಕನ್ನಡದಲ್ಲೇ ಬರೆದು ಕಳಿಸಿ.