ಬೆಂಗಳೂರಿನಲ್ಲಿ ಟ್ರಾಮ್ ಓಡಿತ್ತೇ? ಹಳೇ ಫೋಟೋ ಫಾರ್ವರ್ಡ್ ಮಾಡುವ ಮುನ್ನ ಓದಿ

ಕಪ್ಪು-ಬಿಳುಪು ಫೋಟೋ. ರಸ್ತೆಯಲ್ಲಿ ಹಳಿ, ಮೇಲೆ ತಂತಿ, ನಡುವೆ ಒಂದು ಟ್ರಾಮ್. ಕೆಳಗೆ ‘ನಮ್ಮ ಹಳೇ ಬೆಂಗಳೂರು’ ಎಂಬ ಸಾಲು. ಇಂಥದ್ದು ನಿಮ್ಮ ಗ್ರೂಪಿಗೂ ಬಂದಿರಬಹುದು. ರೈಲು ಹತ್ತಬೇಕಾದರೂ ಪುತ್ತೂರಿಗೋ ಸುಬ್ರಹ್ಮಣ್ಯ ರೋಡಿಗೋ ಹೋಗಬೇಕಾದ ನಾವು ಕಲ್ಲುಗುಂಡಿಯವರು ಅದನ್ನು ನಂಬಿಬಿಡುವುದು ಸಹಜ.

ನಿಜ ಏನು?

ಬೆಂಗಳೂರಿನಲ್ಲಿ ವಿದ್ಯುತ್ ಟ್ರಾಮ್ ಓಡಿಲ್ಲ. ಶಿವನಸಮುದ್ರದ ಕರೆಂಟಿನಿಂದ 1905ರಲ್ಲೇ ಅಲ್ಲಿ ಬೀದಿದೀಪ ಉರಿದಿತ್ತು. ಹಾಗಾಗಿ ಟ್ರಾಮ್ ಕೂಡ ಇದ್ದಿರಬೇಕು ಅನ್ನಿಸುತ್ತದೆ, ಅಷ್ಟೇ. ದೇಶದ ಮೊದಲ ವಿದ್ಯುತ್ ಟ್ರಾಮ್ 1895ರಲ್ಲಿ ಮದ್ರಾಸಿನಲ್ಲಿ ಶುರುವಾಗಿ 1953ರಲ್ಲಿ ನಿಂತಿತು. ಕೋಲ್ಕತ್ತಾದಲ್ಲಿ 1902ರಲ್ಲಿ, ಮುಂಬಯಿಯಲ್ಲಿ 1907ರಲ್ಲಿ ಆರಂಭವಾಯಿತು. ಮುಂಬಯಿಯ ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ರಂದು. ಹೋಟೆಲ್ ಕೆಲಸಕ್ಕೆ ಹೋಗಿದ್ದ ನಮ್ಮ ಕಡೆಯ ಹಿರಿಯರು ಹೇಳುವ ಟ್ರಾಮಿನ ಕಥೆ ಹೆಚ್ಚಾಗಿ ಅಲ್ಲಿಯದೇ.

ಹಳಿ ತುಳಿದರೆ ಶಾಕ್ ಹೊಡೆಯುತ್ತದೆಯೇ?

ಇಲ್ಲ. ಕೋಲ್ಕತ್ತಾದ ಟ್ರಾಮನ್ನೇ ನೋಡಿ. ಅದರ ತಲೆಯ ಮೇಲಿನ ಕೋಲು ತಂತಿಯಿಂದ 550 ವೋಲ್ಟಿನ ಡಿಸಿ ಕರೆಂಟ್ ಪಡೆಯುತ್ತದೆ. ಅದು ಮೋಟಾರ್ ತಿರುಗಿಸಿ, ಚಕ್ರದ ಮೂಲಕ ಹಳಿಗಿಳಿದು ಸಬ್‌ಸ್ಟೇಷನ್ನಿಗೆ ಮರಳುತ್ತದೆ. ಹಳಿಯ ವೋಲ್ಟೇಜ್ ಹೆಚ್ಚುಕಮ್ಮಿ ನೆಲದಷ್ಟೇ ಇರುವುದರಿಂದ ಜನ ಅದನ್ನು ದಾಟಿಕೊಂಡೇ ಓಡಾಡುತ್ತಾರೆ. ಅಪಾಯ ಇರುವುದು ಮೇಲಿನ ತಂತಿಯಲ್ಲಿ.

ಹಳೇ ಟ್ರಾಮ್ ಉಳಿಸುವುದು ಯಾಕೆ ಕಷ್ಟ?

ಹಳೇ ಕಾರನ್ನು ರಿಪೇರಿ ಮಾಡಿದರೆ ಯಾವ ರಸ್ತೆಯಲ್ಲೂ ಓಡಿಸಬಹುದು. ಟ್ರಾಮಿಗೆ ತಂತಿ, ಹಳಿ, ಸಬ್‌ಸ್ಟೇಷನ್, ಡಿಪೋ, ಕೆಲಸ ಬಲ್ಲ ಮೆಕ್ಯಾನಿಕ್ ಎಲ್ಲವೂ ಬೇಕು. ಹಳಿ ಮೇಲೆ ಡಾಂಬರು ಬಿದ್ದರೆ ಗಾಡಿ ಎಷ್ಟೇ ಗಟ್ಟಿಯಿದ್ದರೂ ಓಡದು. ಕೋಲ್ಕತ್ತಾದ ಎಸ್‌ಪ್ಲನೇಡಿನಲ್ಲಿ 1938ರ ಟ್ರಾಮೊಂದು ‘ಸ್ಮರಣಿಕಾ’ ಎಂಬ ಮ್ಯೂಸಿಯಂ ಆಗಿ ನಿಂತಿದೆ. ನೋಡಲು ಚೆನ್ನ, ಆದರೆ ಅದು ಓಡುವುದಿಲ್ಲ. ಮೈದಾನ–ಎಸ್‌ಪ್ಲನೇಡ್ ನಡುವೆ ಮಾತ್ರ ಟ್ರಾಮ್ ಉಳಿಸಿ ಉಳಿದ ಮಾರ್ಗ ನಿಲ್ಲಿಸುವುದಾಗಿ ಪಶ್ಚಿಮ ಬಂಗಾಳ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಹೇಳಿತು. ಟ್ರಾಮ್ ಉಳಿಸುವ ವಿಚಾರ ಕಲ್ಕತ್ತಾ ಹೈಕೋರ್ಟಿನ ಮುಂದೂ ಬಂದಿದೆ.

ನೀವೇನು ಮಾಡಬಹುದು?

ಫೋಟೋ ಬಂದರೆ ದೊಡ್ಡದು ಮಾಡಿ, ಟ್ರಾಮಿನ ಮೇಲಿನ ಅಕ್ಷರ, ಅಂಗಡಿ ಬೋರ್ಡು ಓದಿ. ಗೂಗಲ್ ಲೆನ್ಸಿನಲ್ಲಿ ಹುಡುಕಿ. ಮನೆಯಲ್ಲಿ ಟ್ರಾಮ್ ಹತ್ತಿದ ಅಜ್ಜನೋ ಅಜ್ಜಿಯೋ ಇದ್ದರೆ ಯಾವ ಊರು, ಯಾವ ವರ್ಷ ಎಂದು ಕೇಳಿ, ಅವರ ಮಾತನ್ನು ರೆಕಾರ್ಡ್ ಮಾಡಿಡಿ. ಹಳಿಯೇ ಇಲ್ಲದ ಊರುಗಳಲ್ಲಿ ಉಳಿದಿರುವುದು ಫೋಟೋ ಮತ್ತು ನೆನಪು ಮಾತ್ರ. ಅದಕ್ಕೆ ಬೇರೆ ಊರಿನ ಹೆಸರು ಅಂಟಿಸಿದರೆ ಅದೂ ಉಳಿಯುವುದಿಲ್ಲ.