‘ಕಡತ ಬಳಕೆಯಲ್ಲಿದೆ’ ಎಂಬುದೂ ಒಂದು ಪಾಠ

ನಾನು ಅಭ್ಯಾಸ ಬೋಧನೆಗೆ ಹೋಗಿದ್ದ ಪ್ರೌಢಶಾಲೆಯಲ್ಲಿ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳೆಲ್ಲ ಒಂದೇ ಎಕ್ಸೆಲ್ ಕಡತದಲ್ಲಿದ್ದವು. ಲ್ಯಾಬ್‌ನ ಒಂದು ಕಂಪ್ಯೂಟರಿನಲ್ಲಿದ್ದ ಅದನ್ನು ವಿಷಯ ಶಿಕ್ಷಕರೆಲ್ಲ ನೆಟ್‌ವರ್ಕ್ ಮೂಲಕ ತೆರೆಯುತ್ತಿದ್ದರು. ಒಬ್ಬರು ತೆರೆದಿದ್ದರೆ ಇನ್ನೊಬ್ಬರಿಗೆ ‘ಬಳಕೆಯಲ್ಲಿದೆ, ಓದಲು ಮಾತ್ರ’ ಎಂಬ ಸಂದೇಶ. ಆಗ ಹಲವರು ಬೇರೆ ಹೆಸರಿನಲ್ಲಿ ಪ್ರತಿ ಉಳಿಸಿ ಮುಂದುವರಿಯುತ್ತಿದ್ದರು. ಕೊನೆಗೆ ಒಂಬತ್ತನೇ ತರಗತಿಗೆ ಮೂರು ಅಂಕಪಟ್ಟಿಗಳಾದವು. ಒಬ್ಬ ವಿದ್ಯಾರ್ಥಿನಿಗೆ ವಿಜ್ಞಾನದಲ್ಲಿ ಒಂದರಲ್ಲಿ 8 ಅಂಕ, ಇನ್ನೊಂದರಲ್ಲಿ ಖಾಲಿ. ಮುದ್ರಣವಾದದ್ದು ಖಾಲಿ ಇದ್ದ ಪ್ರತಿ.

ಕಡತದ ಲಾಕ್ ದೋಷವಲ್ಲ, ರಕ್ಷಣೆ ಎಂಬುದು ನನ್ನ ಅಭಿಪ್ರಾಯ. ಲಾಕ್ ಇಲ್ಲದಿದ್ದರೆ ನಂತರ ಉಳಿಸಿದವರು ಮೊದಲು ಉಳಿಸಿದವರ ಅಂಕಗಳನ್ನು ಅಳಿಸಿಬಿಡುತ್ತಾರೆ. ಒಂದೇ ಹಾಜರಿ ಪುಸ್ತಕದಲ್ಲಿ ಇಬ್ಬರು ಒಟ್ಟಿಗೆ ಬರೆಯುವುದಿಲ್ಲವಷ್ಟೆ?

ಸಮಸ್ಯೆ ಬಂದಾಗ ಮೊದಲು ಕೇಳಬೇಕಾದದ್ದು, ‘ಯಾರು ತೆರೆದಿದ್ದಾರೆ?’ ಸಂದೇಶದಲ್ಲೇ ಹೆಸರು ಬರುತ್ತದೆ. ಆದರೆ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಬಳಕೆದಾರ ಹೆಸರಿಟ್ಟಿದ್ದರೆ ಅದರಿಂದ ಪ್ರಯೋಜನವಿಲ್ಲ. ಆಗ ಕಡತವಿರುವ ವಿಂಡೋಸ್ ಯಂತ್ರದ ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ ಶೇರ್ಡ್ ಫೋಲ್ಡರ್ಸ್, ಅದರೊಳಗೆ ಓಪನ್ ಫೈಲ್ಸ್ ನೋಡಬೇಕು. ಅಲ್ಲಿ ಕಾಣುವುದು ನೆಟ್‌ವರ್ಕ್ ಮೂಲಕ ತೆರೆದವು ಮಾತ್ರ. ಅದೇ ಯಂತ್ರದಲ್ಲಿ ಯಾರಾದರೂ ತೆರೆದಿಟ್ಟಿದ್ದರೆ ಪಟ್ಟಿಯಲ್ಲಿ ಬರುವುದಿಲ್ಲ. ಯಾರೂ ತೆರೆದಿಲ್ಲವೆಂದು ಖಚಿತವಾದ ಮೇಲೆ, ಹೆಸರಿನ ಆರಂಭದಲ್ಲಿ ~$ ಇರುವ ಅಡಗಿದ ಕಡತ ಉಳಿದಿದೆಯೇ ಎಂದು ಪರೀಕ್ಷಿಸಿ ಅಳಿಸಬಹುದು. ತಂತ್ರಾಂಶ ಹಠಾತ್ತನೆ ನಿಂತಾಗ ಅದು ಹಾಗೆ ಉಳಿಯುವುದುಂಟು. ಓಪನ್ ಫೈಲ್ಸ್‌ನಿಂದ ಬಲವಂತವಾಗಿ ಮುಚ್ಚುವುದು ಕಟ್ಟಕಡೆಯ ಉಪಾಯ, ಏಕೆಂದರೆ ಇನ್ನೊಬ್ಬರು ಉಳಿಸದ ಕೆಲಸ ಹೋಗಬಹುದು.

ಗೂಗಲ್ ಶೀಟ್ಸ್ ಬಳಸಿದರಾಯಿತಲ್ಲ ಎನ್ನುವವರಿದ್ದಾರೆ. ಇಂಟರ್‌ನೆಟ್ ನಂಬುವಂತಿರುವ ಶಾಲೆಗೆ ಅದು ಸರಿ. ಅದು ಆಗಾಗ ನಿಲ್ಲುವ ಕಡೆ ಲ್ಯಾಬ್‌ನೊಳಗಿನ ನೆಟ್‌ವರ್ಕೇ ಆಧಾರ.

ನಮ್ಮ ಬಿ.ಇಡಿ. ಐಸಿಟಿ ಪ್ರಾಯೋಗಿಕದಲ್ಲಿ ಸ್ಲೈಡ್ ತಯಾರಿಕೆಗೆ ಸಿಗುವ ಸಮಯದಲ್ಲಿ ಒಂದು ಅವಧಿಯನ್ನಾದರೂ ಇದಕ್ಕೆ ಕೊಡಬೇಕು. ಎರಡು ಕಂಪ್ಯೂಟರ್, ಒಂದು ಕಡತ ಸಾಕು. ಊಹೆ ಮಾಡು, ಪರೀಕ್ಷಿಸು, ಒಂದೊಂದೇ ಕಾರಣವನ್ನು ಬಿಡುತ್ತಾ ಹೋಗು ಎಂದು ವಿಜ್ಞಾನ ತರಗತಿಯಲ್ಲಿ ಮಕ್ಕಳಿಗೆ ಹೇಳುವ ನಾವು, ಅವರ ಅಂಕಗಳ ವಿಷಯದಲ್ಲೂ ಅದೇ ಶಿಸ್ತು ಪಾಲಿಸಬೇಕಲ್ಲವೇ?