ಹಿಂದೆ ನಿಂತವಳು

ಕಾಲ್ಚೆಂಡಾಟವನ್ನು ನೋಡುವವರ ಕಣ್ಣು ಗೋಲು ಹೊಡೆಯುವವರ ಮೇಲೆಯೇ ಇರುವುದು ವಾಡಿಕೆ. ತನ್ನವರ ಗೋಲಿನ ಮುಂದೆ ನಿಂತು ಎದುರಾಳಿಯ ಕಾಲಿನಿಂದ ಚೆಂಡನ್ನು ಬಿಡಿಸಿಕೊಳ್ಳುವವರ ಹೆಸರನ್ನು ಯಾರೂ ಕೇಳರು. ಮನೆಯ ಉಗ್ರಾಣವನ್ನು ಕಾಯುವವರ ಪಾಡೂ ಇದೇ ಎಂಬುದು ನಮ್ಮ ವಾಚಕಿಯರಿಗೆ ತಿಳಿಯದುದಲ್ಲ. ಅಂತಹ ಒಬ್ಬ ರಕ್ಷಕಿಯ ವೃತ್ತಾಂತವನ್ನು ಈ ತಿಂಗಳು ಹೇಳಬೇಕೆಂದಿದ್ದೇವೆ.

ಆಕೆಯ ಹೆಸರು ಆಲಿಸ್ ಕೆಲ್. ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದಲ್ಲಿ ಡಿಕ್ ಕೆರ್ ಎಂಬ ಕಾರ್ಖಾನೆಯಿದ್ದಿತು. ಮೊದಲನೆಯ ಮಹಾಯುದ್ಧಕ್ಕೆ ಗಂಡಸರು ತೆರಳಲು, ಅಲ್ಲಿ ಮದ್ದುಗುಂಡುಗಳನ್ನು ತಯಾರಿಸುವ ಕೆಲಸ ಹೆಂಗಸರ ಪಾಲಿಗೆ ಬಂದಿತು. ಬಿಡುವಿನ ವೇಳೆಯಲ್ಲಿ ಅಂಗಳದಲ್ಲಿ ಚೆಂಡನ್ನೊದೆಯುತ್ತಿದ್ದ ಅವರು ತಂಡವನ್ನೇ ಕಟ್ಟಿದರು. ಕೆಲ್ ಅದರ ನಾಯಕಿಯಾದಳು. 1917ರ ಕ್ರಿಸ್ಮಸ್ ದಿನ, ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಹಣ ಕೂಡಿಸಲೆಂದು ಅವರಾಡಿದ ಪಂದ್ಯಕ್ಕೆ 10,000 ಜನ ನೆರೆದರು.

ಆದರೆ ಹೇಳಬೇಕಾದ ದಿನ 1920ರ ಡಿಸೆಂಬರ್ 26. ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಸೇಂಟ್ ಹೆಲೆನ್ಸ್ ಪಟ್ಟಣದ ಹೆಂಗಸರೊಡನೆ ಪಂದ್ಯ. ಒಳಗೆ 53,000 ಪ್ರೇಕ್ಷಕರು. ಸ್ಥಳ ಸಾಲದೆ ಹೊರಗುಳಿದವರು ಸಾವಿರಾರು. ಗೋಲು ಹೊಡೆಯುವುದರಲ್ಲಿ ಪ್ರಸಿದ್ಧಳಾದ ಫ್ಲಾರಿ ರೆಡ್‌ಫರ್ಡಳಿಗೆ ಅಂದು ರೈಲು ತಪ್ಪಿಹೋಯಿತು. ಪೂರ್ವಾರ್ಧದಲ್ಲಿ ಕೆಲ್ಲಳ ತಂಡಕ್ಕೆ ದೊರೆತದ್ದು ಒಂದೇ ಗೋಲು. ಉತ್ತರಾರ್ಧದಲ್ಲಿ ಕೆಲ್ ತನ್ನ ಹಿಂಬದಿಯ ಸ್ಥಾನವನ್ನು ಬಿಟ್ಟು ಮುಂದಕ್ಕೆ ಬಂದಳು. ಬಂದವಳು ಮೂರು ಗೋಲುಗಳನ್ನು ಹೊಡೆದಳು! ಕೂಡಿದ ಹಣ 3,000 ಪೌಂಡಿಗೂ ಮಿಕ್ಕಿತು.

ಒಂದು ವರ್ಷವೂ ತುಂಬಲಿಲ್ಲ. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಘವು, ಈ ಆಟ ಸ್ತ್ರೀಯರಿಗೆ ತಕ್ಕುದಲ್ಲವೆಂದು ಸಾರಿ, ತನ್ನ ಅಧೀನದ ಕ್ಲಬ್ಬುಗಳು ಅವರಿಗೆ ಮೈದಾನಗಳನ್ನು ಕೊಡಕೂಡದೆಂದು ವಿಧಿಸಿತು. ಕೂಡಿದ ಹಣದಲ್ಲಿ ಖರ್ಚಿನ ಪಾಲು ಹೆಚ್ಚಾಯಿತೆಂಬ ಆಕ್ಷೇಪಣೆಯೂ ಜೊತೆಗಿದ್ದಿತು.

ಅಧ್ಯಾಪಕರಾಗಿದ್ದಾಗ ನಾವೂ ಹೆಣ್ಣುಮಕ್ಕಳ ಕೈಗೆ ಚೆಂಡು ಕೊಟ್ಟವರಲ್ಲ. ಬಿದ್ದು ಕೈಕಾಲು ಮುರಿದುಕೊಂಡರೆ ತಾಯಿತಂದೆಗಳಿಗೆ ಏನು ಹೇಳುವುದೆಂಬ ಭಯ ಒಂದು. ಅವರಿಗೆ ಕುಂಟೆಬಿಲ್ಲೆಯೇ ಸಾಕೆಂಬ ಉದಾಸೀನ ಮತ್ತೊಂದು. ಒಬ್ಬ ಹುಡುಗಿ ಬೇಲಿಯಾಚೆಯಿಂದ ಗಂಡುಹುಡುಗರ ಆಟವನ್ನು ದಿನವೂ ನೋಡುತ್ತ ನಿಲ್ಲುತ್ತಿದ್ದಳು. ಬಿಸಿಲಿನಲ್ಲೇಕೆ ನಿಂತೆಯೆಂದು ಗದರಿಸಿ ಒಳಗೆ ಕಳುಹಿಸಿದೆವು. ಆದಕಾರಣ ಸಂಘದವರನ್ನು ಜರೆಯಲು ನಮಗೆ ಬಾಯಿಲ್ಲ. ಆದರೂ ಯುದ್ಧಕಾಲದಲ್ಲಿ ದಿನವೆಲ್ಲ ಕಾರ್ಖಾನೆಯಲ್ಲಿ ದುಡಿಯಲು ತಕ್ಕುದಾಗಿದ್ದ ಮೈ, ಒಂದೂವರೆ ಗಂಟೆಯ ಆಟಕ್ಕೆ ಹೇಗೆ ತಕ್ಕುದಲ್ಲದಾಯಿತೋ ನಮಗೆ ತಿಳಿಯದು.

ಸಂಘದ ಮೈದಾನಗಳು ಮುಚ್ಚಿದ ಮೇಲೆ ಆ ತಂಡ ಸಿಕ್ಕಿದ ಬಯಲುಗಳಲ್ಲಿ ಆಡಿತು. ಕಾರ್ಖಾನೆಯ ಹೆಸರು ಹೋಗಿ ಊರಿನ ಹೆಸರು ಬಂದರೂ ನಿಲ್ಲದೆ, 1965ರವರೆಗೆ ಬಾಳಿತು. ನಿಷೇಧವು ತೊಲಗಿದುದು 1971ರಲ್ಲಿ. ಸಂಘವು ಕ್ಷಮೆ ಕೇಳಿದುದು 2008ರಲ್ಲಿ. ಅದನ್ನು ಕೇಳಿಸಿಕೊಳ್ಳಲು ಕೆಲ್ ಆಗ ಇರಲಿಲ್ಲ.